‘ಹಿಂದಿನ ಶಾಲೆ’ ಎಂಬ ಕಾಲಂ

ಮೇ ತಿಂಗಳ ಕೊನೆಯ ವಾರದಲ್ಲಿ ಶಾಲೆಗಳ ಬೀಗ ತೆಗೆಯುವ ಹೊತ್ತಿಗೆ ಸರಿಯಾಗಿ ನಮ್ಮ ಕಲಬುರಗಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ದಾಖಲಾತಿ ಈ ವರ್ಷವೂ ಇಳಿದಿದೆ ಎಂಬುದೇ ಆ ಸುದ್ದಿ. ಓದಿದವರು ಮಾಸ್ತರರನ್ನು ಬಯ್ಯುತ್ತಾರೆ, ಮಾಸ್ತರರು ಸರ್ಕಾರವನ್ನು ಬಯ್ಯುತ್ತಾರೆ, ಮೊದಲ ಮಳೆ ಬಿದ್ದು ತೊಗರಿ ಬಿತ್ತನೆಯ ಮಾತು ಶುರುವಾದ ಮೇಲೆ ಎಲ್ಲರೂ ಅದನ್ನು ಮರೆಯುತ್ತಾರೆ. ನಾನು ಈ ನಗರದ ಹಳೆಯ ಬಡಾವಣೆಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಗುರುವಾಗಿದ್ದು ನಿವೃತ್ತನಾದವನು. ಸುದ್ದಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಟ್ಟು ಎಷ್ಟು ಮಕ್ಕಳು ಎಂಬ ಒಂದೇ ಅಂಕಿಯನ್ನು ಹಿಡಿದು ವಾದಿಸುವವರು, ಆ ಮಕ್ಕಳು ಯಾವ ವಯಸ್ಸಿಗೆ ಬಂದರು, ಎಲ್ಲಿಂದ ಬಂದರು, ಯಾವ ತರಗತಿಯಲ್ಲಿ ಬಿಟ್ಟು ಹೋದರು ಎಂದು ಕೇಳುವುದಿಲ್ಲ. ಅದನ್ನು ಹೇಳಬಲ್ಲ ಪುಸ್ತಕ ಪ್ರತಿ ಶಾಲೆಯ ಅಲ್ಮಾರಿಯಲ್ಲಿಯೂ ಇದೆ.

ಅದು ದಾಖಲಾತಿ ರಿಜಿಸ್ಟರು. ಎರಡೂ ಕೈಗಳಿಂದ ಎತ್ತಬೇಕಾದಷ್ಟು ಉದ್ದ ಮತ್ತು ಭಾರ, ರಟ್ಟಿನ ಹೊದಿಕೆಗೆ ಬಟ್ಟೆಯ ಅಂಚು, ಒಳಗೆ ಸಾಲಾಗಿ ಕಾಲಂಗಳು: ಅನುಕ್ರಮ ಸಂಖ್ಯೆ, ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜಾತಿ, ಹುಟ್ಟಿದ ಊರು, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದ ಜನ್ಮ ದಿನಾಂಕ, ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಬಿಟ್ಟ ಕಾರಣ. ನಮ್ಮ ಶಾಲೆಯ ಅತಿ ಹಳೆಯ ಸಂಪುಟಗಳು ಉರ್ದುವಿನಲ್ಲಿವೆ, ಏಕೆಂದರೆ ಆಗ ಇದು ನಿಜಾಮನ ರಾಜ್ಯ, ಆಡಳಿತದ ಭಾಷೆ ಉರ್ದು. ಅಜ್ಜನ ಹೆಸರಿನ ಮುಂದೆ ಯಾವ ಜಾತಿ ಬರೆದಿದೆ ಎಂದು ನೋಡಿ ಉತಾರ ಬರೆಸಿಕೊಳ್ಳಲು ಇಂದಿಗೂ ಜನ ಬರುತ್ತಾರೆ. ಆಗ ಪುಟ ತಿರುವಲು ಪಕ್ಕದ ಉರ್ದು ಶಾಲೆಯ ಶಿಕ್ಷಕರೊಬ್ಬರನ್ನು ಕರೆತರುವುದು ನಮ್ಮಲ್ಲಿ ವಾಡಿಕೆ. ಕೊನೆಯ ಸಂಪುಟಗಳನ್ನು ತುಂಬಿದವನು ನಾನೇ. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಕಣ್ಣು ಒಟ್ಟು ಸಂಖ್ಯೆಯ ಮೇಲೆ ನಿಲ್ಲುವುದನ್ನು ಬಿಟ್ಟು ‘ಹಿಂದಿನ ಶಾಲೆ’ ಎಂಬ ಕಾಲಂನ ಮೇಲೆ ನಿಲ್ಲತೊಡಗಿತು.

ನಾನು ನೌಕರಿಗೆ ಸೇರಿದ ಕಾಲದಲ್ಲಿ ಒಂದನೆಯ ತರಗತಿಗೆ ಸೇರುವ ಮಗುವಿನ ಎದುರು ಆ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದೆವು. ಮಗು ಮನೆಯಿಂದ ನೇರವಾಗಿ ಬಂದಿದೆ ಎಂದು ಅದರ ಅರ್ಥ. ಬರಬರುತ್ತ ಅಡ್ಡಗೆರೆಗಳು ಕಡಿಮೆಯಾದವು. ಒಂದನೆಯ ತರಗತಿಯ ಹೆಸರುಗಳೇ ಕಡಿಮೆಯಾಗಿ, ಮೂರನೆಯ, ಐದನೆಯ, ಏಳನೆಯ ತರಗತಿಗಳಿಗೆ ನಡುವೆಯೇ ಬಂದು ಸೇರಿದವರ ಹೆಸರುಗಳು ಹೆಚ್ಚಾದವು. ಅವುಗಳ ಎದುರು ಯಾವುದೋ ಓಣಿಯ ಖಾಸಗಿ ಶಾಲೆಯ ಹೆಸರು ಇರುತ್ತಿತ್ತು. ಅಂದರೆ, ಮಕ್ಕಳು ನಮ್ಮ ಬಾಗಿಲಿಗೆ ಬಂದು, ನಮ್ಮನ್ನು ನೋಡಿ, ಬೇಡವೆಂದು ಹಿಂತಿರುಗುತ್ತಿರಲಿಲ್ಲ. ನಮ್ಮ ಬಾಗಿಲು ತೆರೆಯುವುದಕ್ಕಿಂತ ಮೂರು ವರ್ಷ ಮೊದಲೇ ಅವರು ಬೇರೆಡೆ ಸೇರಿ ಆಗಿರುತ್ತಿತ್ತು.

ಇದು ನನಗೆ ಮನದಟ್ಟಾದದ್ದು ಒಂದು ದಾಖಲಾತಿ ಆಂದೋಲನದಲ್ಲಿ. ಪ್ರತಿ ಬೇಸಿಗೆಯ ಕೊನೆಗೆ ಶಿಕ್ಷಕರೆಲ್ಲ ಕರಪತ್ರ ಹಿಡಿದು ಮನೆ ಮನೆಗೆ ಹೋಗುತ್ತೇವೆ. ನಮ್ಮ ಮೇ ತಿಂಗಳಿನ ಬಿಸಿಲಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನೇ ಮುಂಜಾನೆಗೆ ಬದಲಿಸಬೇಕಾಗುತ್ತದೆ, ಹಾಗಾಗಿ ನಾವೂ ಏಳು ಗಂಟೆಗೇ ಹೊರಡುತ್ತಿದ್ದೆವು. ಒಂದು ಮನೆಯಲ್ಲಿ ತಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಎಂಟು ಗಂಟೆಗೆ ದಾಲ್ ಮಿಲ್ಲಿನ ಕೆಲಸಕ್ಕೆ ಹೋಗಬೇಕಾದವಳು. ಪುಸ್ತಕ ಉಚಿತ, ಸಮವಸ್ತ್ರ ಉಚಿತ, ಬಿಸಿಯೂಟ, ಹಾಲು, ಮೊಟ್ಟೆ ಎಂದು ನಾನು ಪಾಠ ಒಪ್ಪಿಸಿದೆ. ಆಕೆ ಕೈ ನಿಲ್ಲಿಸದೆಯೇ ಕೇಳಿದಳು: “ಅದೆಲ್ಲಾ ಖರೇನೇ ಅದರಿ ಸರ್. ಖರೆ ಆರು ವರ್ಷ ತನಕಾ ಹುಡುಗನ್ನ ಎಲ್ಲಿ ಬಿಡ್ಲಿ?” ಅಂಗನವಾಡಿ ಇದೆಯಲ್ಲ ಎಂದೆ. “ಅಲ್ಲಿ ಉಣಸ್ತಾರ, ಅಕ್ಷರ ಕಲಸಂಗಿಲ್ಲ. ಇಂವ ಎರಡ್ ವರ್ಷಾತು, ಟಂಟಂದಾಗ ಹೋಗ್ತಾನ. ಈಗ ತೆಗದು ನಿಮ್ಮ ಸಾಲಿಗೆ ಹಚ್ಚಿದ್ರ ಮಂದಿ ರೊಕ್ಕ ತುಂಬ್ಲಿಕ್ಕೆ ಆಗವಲ್ತು ಅಂತಾರ.” ಟಂಟಂ ಎಂದರೆ ಖಾಸಗಿ ಶಾಲೆಗೆ ಮಕ್ಕಳನ್ನು ಒಯ್ಯುವ ಮೂರು ಗಾಲಿಯ ಆಟೋ. ಆಕೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ನನ್ನಿಂದ ಆಗಲಿಲ್ಲ. ಅಂಗನವಾಡಿಯ ಬಗ್ಗೆ ಆಕೆ ಹೇಳಿದ್ದು ಅಲ್ಲಿನ ಕಾರ್ಯಕರ್ತೆಯರಿಗೆ ಅನ್ಯಾಯವಾಗುವ ಮಾತು ಎಂದು ಬಲ್ಲೆ. ಒಂದೇ ಕೋಣೆಯಲ್ಲಿ ಅಡುಗೆ, ತೂಕ ನೋಡುವುದು, ಗರ್ಭಿಣಿಯರ ಪಟ್ಟಿ, ಸರ್ಕಾರದ ಹತ್ತಾರು ಸಮೀಕ್ಷೆಗಳು ಎಲ್ಲವನ್ನೂ ಅವರೇ ಮಾಡಬೇಕು. ಆದರೂ ತಾಯಿಯ ಕಣ್ಣಿಗೆ ಕಾಣುವುದು ಹಲಗೆಯ ಮೇಲೆ ‘ಎ ಬಿ ಸಿ ಡಿ’ ಇದೆಯೋ ಇಲ್ಲವೋ ಎಂಬುದು ಮಾತ್ರ.

ಇಂಗ್ಲಿಷ್ ಮಾಧ್ಯಮದ ಸೆಳೆತವನ್ನು ನಾನು ಅಲ್ಲಗಳೆಯುತ್ತಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007ರಲ್ಲಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿಯೇ ಕಲಿಸಬೇಕೆಂಬ 1994ರ ಭಾಷಾ ನೀತಿಯನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2014ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಶಾಲೆಗಳಿದ್ದವು ಎಂಬುದು ಗುಟ್ಟೇನೂ ಆಗಿರಲಿಲ್ಲ. ತೀರ್ಪಿನ ನಂತರ ಆ ಕಳ್ಳಾಟದ ಅಗತ್ಯ ಉಳಿಯಲಿಲ್ಲ. 2019-20ರಲ್ಲಿ ರಾಜ್ಯ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಹಾಗೆ ತೆರೆದ ಕಡೆ ಸೀಟಿಗಾಗಿ ಪಾಲಕರು ಸಾಲು ನಿಂತದ್ದನ್ನು ನಾನೇ ನೋಡಿದ್ದೇನೆ. ಅದೇ ಕಟ್ಟಡ, ಅದೇ ಮಾಸ್ತರರು, ಅದೇ ಬಿಸಿಯೂಟ. ಹೊಸದೆಂದರೆ ಫಲಕದ ಮೇಲಿನ ಎರಡು ಪದ. ಆ ಸಾಲನ್ನು ನೋಡಿದ ಮೇಲೆ, ಸರ್ಕಾರಿ ಶಾಲೆಯೆಂದರೆ ಜನರಿಗೆ ಅಸಹ್ಯ ಎಂಬ ಮಾತನ್ನು ನಾನು ನಂಬುವುದನ್ನು ಬಿಟ್ಟೆ.

ಇಲ್ಲಿಯೇ ಇನ್ನೊಂದು ಮಾತನ್ನು ಒಪ್ಪಿಕೊಂಡು ಬಿಡುತ್ತೇನೆ. ನನ್ನ ಇಬ್ಬರು ಮಕ್ಕಳೂ ಓದಿದ್ದು ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಮನೆ ಮನೆಗೆ ಹೋದಾಗ ಆ ಪ್ರಶ್ನೆಯನ್ನು ನನ್ನ ಮುಖಕ್ಕೇ ಕೇಳಿದವರು ಇದ್ದಾರೆ, ಮತ್ತು ಅದಕ್ಕೆ ನನ್ನ ಬಳಿ ಯಾವತ್ತೂ ಒಳ್ಳೆಯ ಉತ್ತರ ಇರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ಕತೆಯನ್ನೂ ಇದರ ಜೊತೆಗೇ ನೋಡಬೇಕು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶ ತರಗತಿಯ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ವರ್ಗಗಳ ಮಕ್ಕಳಿಗೆ ಕೊಡಬೇಕು, ಶುಲ್ಕವನ್ನು ಸರ್ಕಾರ ತುಂಬಬೇಕು. ನಮ್ಮ ರಾಜ್ಯದಲ್ಲಿ 2012ರಿಂದ ಇದು ನಡೆಯಿತು. ಪ್ರವೇಶ ತರಗತಿ ಎಲ್‌ಕೆಜಿ ಆಗಿದ್ದ ಶಾಲೆಗಳಲ್ಲಿ ಸೀಟು ಸಿಗುತ್ತಿದ್ದುದೂ ಎಲ್‌ಕೆಜಿಗೇ. ನಮ್ಮ ಓಣಿಯ ಅತ್ಯಂತ ಜಾಗೃತ ಪಾಲಕರು, ಅಂದರೆ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬಂದು ಗಲಾಟೆ ಮಾಡಿ ಶೌಚಾಲಯ ರಿಪೇರಿ ಮಾಡಿಸಬಲ್ಲಂಥವರು, ಆ ಏಳು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಆ ಸೀಟುಗಳನ್ನು ಹಂಚುವ ಲಾಟರಿಯ ಹಿಂದೆ ಹೋದರು. 2019-20ರಿಂದ ನಿಯಮ ಬದಲಾಯಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಸಿಗುವುದಿಲ್ಲ. ನಗರದಲ್ಲಿ ಯಾವ ಓಣಿಗೆ ಸರ್ಕಾರಿ ಶಾಲೆ ದೂರ? ಬಾಗಿಲು ಮುಚ್ಚಿತು. ಆ ಮಕ್ಕಳು ತಿರುಗಿ ನಮ್ಮಲ್ಲಿಗೆ ಬರುತ್ತಾರೆಂದು ಲೆಕ್ಕ ಹಾಕಿದ್ದೆವು. ಬಂದವರು ಕೆಲವರು, ಉಳಿದವರು ಸಾಲ ಮಾಡಿ ಶುಲ್ಕ ತುಂಬಿದರು.

ಇನ್ನು ನಗರವೇ ಜಾಗ ಬದಲಿಸಿದೆ. 2001ರಲ್ಲಿ ನಾಲ್ಕು ಲಕ್ಷ ದಾಟಿದ್ದ ಕಲಬುರಗಿಯ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ ಐದು ಲಕ್ಷ ಮೀರಿತ್ತು. ಹೊಸ ಜನ ನೆಲೆಸಿದ್ದು ಶಹಾಬಜಾರ, ಬ್ರಹ್ಮಪುರ, ಗಾಜಿಪುರಗಳಂತಹ ಹಳೆಯ ಓಣಿಗಳಲ್ಲಿ ಅಲ್ಲ. ಹಳೆಯ ಊರಿನ ಮನೆಗಳು ಒಂದೊಂದಾಗಿ ಅಂಗಡಿ, ಗೋದಾಮು, ಆಸ್ಪತ್ರೆಗಳಾದವು. ಮಕ್ಕಳಿರುವ ಕುಟುಂಬಗಳು ಸೇಡಂ ರಸ್ತೆ, ಜೇವರ್ಗಿ ರಸ್ತೆ, ವರ್ತುಲ ರಸ್ತೆಯ ಆಚೆಯ ಲೇಔಟುಗಳಿಗೆ ಹೋದವು. ಸುತ್ತಲಿನ ತಾಲ್ಲೂಕುಗಳಿಂದ ಕೂಲಿಗೆ ಬಂದವರು ನೆಲೆಸಿದ್ದೂ ಅಂಚಿನಲ್ಲಿಯೇ. ಹಾಗಾಗಿ ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿಹೋದ ಊರುಗಳ ಸರ್ಕಾರಿ ಶಾಲೆಗಳಲ್ಲಿ ಕೋಣೆ ಸಾಲದೆ ಮಕ್ಕಳು ಜಗುಲಿಯ ಮೇಲೆ ಕೂರುತ್ತಾರೆ. ಹಳೆಯ ಊರಿನ ಶಾಲೆಗಳಲ್ಲಿ ದಪ್ಪ ಗೋಡೆಯ, ಎತ್ತರದ ಮಾಳಿಗೆಯ, ಏಪ್ರಿಲ್‌ನಲ್ಲಿಯೂ ತಂಪಾಗಿರುವ ಕೋಣೆಗಳು ಬೀಗ ಹಾಕಿಕೊಂಡಿವೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ಯಾವ ಶಾಲೆಯ ಸ್ಥಿತಿಯನ್ನೂ ಹೇಳುವುದಿಲ್ಲ.

ಇಳಿದ ಸಂಖ್ಯೆ ಶಾಲೆಯನ್ನು ಹೇಗೆ ತಿನ್ನುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಕೇಳಲು ಉದಾರವಾಗಿಯೇ ಇದೆ. ಆದರೆ ತರಗತಿಗಳು ಐದು. ಮಕ್ಕಳು 62 ಇದ್ದಾಗ ಮೂವರಿದ್ದ ಶಿಕ್ಷಕರು, ಮೂರು ಮಕ್ಕಳು ಟಿ.ಸಿ. ತೆಗೆದುಕೊಂಡ ವರ್ಷ ಇಬ್ಬರಾಗುತ್ತಾರೆ. ಮೂರನೆಯವರು ‘ಹೆಚ್ಚುವರಿ’ ಎಂಬ ಪಟ್ಟಿಗೆ ಸೇರಿ ಬೇರೆ ಶಾಲೆಗೆ ವರ್ಗವಾಗಲು ಕೌನ್ಸೆಲಿಂಗ್‌ಗೆ ಹೋಗುತ್ತಾರೆ. ಉಳಿದ ಇಬ್ಬರಲ್ಲಿ ಒಬ್ಬರು ಮುಖ್ಯ ಗುರು. ಅವರು ಬಿಸಿಯೂಟದ ಲೆಕ್ಕ, ಬ್ಯಾಂಕು, ಸಭೆ, ತರಬೇತಿ ಎಂದು ಓಡಾಡುತ್ತಿರಬೇಕು. ಇನ್ನೊಬ್ಬರು ಐದು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡದ್ದನ್ನು ನೋಡಿದ ಪಾಲಕರು ಮುಂದಿನ ವರ್ಷ ಇನ್ನೂ ಐದು ಮಕ್ಕಳನ್ನು ಬಿಡಿಸುತ್ತಾರೆ. ಖಾಲಿ ಹುದ್ದೆಗಳ ಭಾರವಂತೂ ನಮ್ಮ ಭಾಗಕ್ಕೆ ಹಳೆಯದು. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಪರೀಕ್ಷೆ ನಡೆದಾಗ ಅವುಗಳಲ್ಲಿ 5,000 ಹುದ್ದೆಗಳು ಕಲ್ಯಾಣ ಕರ್ನಾಟಕದವು ಎಂಬುದೇ ಅದನ್ನು ಹೇಳುತ್ತದೆ. ನಡುವಿನ ತೂತನ್ನು ತುಂಬುವವರು ಅತಿಥಿ ಶಿಕ್ಷಕರು. ಅವರಿಗೆ ಅತಿಥಿ ಎಂದು ಹೆಸರಿಟ್ಟವರು ಯಾರೋ ಬಲು ಹಾಸ್ಯಪ್ರಜ್ಞೆ ಉಳ್ಳವರಾಗಿರಬೇಕು.

ಆರನೆಯ ತರಗತಿಯಲ್ಲಿ ಇನ್ನೊಂದು ಇಳಿತವಿದೆ, ಅದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಐದನೆಯ ತರಗತಿಯ ಚುರುಕಾದ ಮಕ್ಕಳು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯಗಳ ಪರೀಕ್ಷೆ ಬರೆದು ಹೋಗುತ್ತಾರೆ. ಉರ್ದು ಮಾಧ್ಯಮದ ಶಾಲೆಗಳಿಂದ ಮಕ್ಕಳು ಅಲ್ಪಸಂಖ್ಯಾತರ ಇಲಾಖೆಯ ಮೌಲಾನಾ ಆಜಾದ್ ಮಾದರಿ ಶಾಲೆಗಳಿಗೆ ಹೋಗುತ್ತಾರೆ; ಅಲ್ಲಿ ಆರನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮ. ಇವೆಲ್ಲ ಸರ್ಕಾರದ ಶಾಲೆಗಳೇ. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದ ರೊಕ್ಕವನ್ನು ಕಳೆದುಹೋಯಿತೆಂದು ಬರೆಯುವುದು ಯಾವ ಲೆಕ್ಕ? ಆದರೂ ನಮ್ಮ ಶಾಲೆಯ ಹಾಳೆಯಲ್ಲಿ ಅದು ಕಳೆದುಹೋದದ್ದೇ, ಮತ್ತು ಅದಕ್ಕೆ ತಕ್ಕಂತೆ ಒಬ್ಬ ಶಿಕ್ಷಕನೂ ಹೋಗುತ್ತಾನೆ. ಬೇರೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿ ಹೋದ ಮೇಲೆ ಆ ತರಗತಿ ಹೇಗೆ ಸಪ್ಪಗಾಗುತ್ತದೆ ಎಂಬುದು ಬೇರೆಯೇ ಮಾತು.

ಮರಳಿ ಬರುವವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ರಿಜಿಸ್ಟರಿನ ಆ ಕಾಲಂ ತುಂಬುತ್ತಿದ್ದುದು ಅವರಿಂದಲೇ. ಸಣ್ಣ ಖಾಸಗಿ ಶಾಲೆಗಳ ಶುಲ್ಕ ತರಗತಿಯೊಂದಿಗೆ ಏರುತ್ತದೆ, ಕೂಲಿ ಹಾಗೆ ಏರುವುದಿಲ್ಲ. ಆರು ಏಳನೆಯ ತರಗತಿಯ ಹೊತ್ತಿಗೆ ಬಾಕಿ ಬೆಳೆದು, ತಂದೆ ಮಗನ ಕೈ ಹಿಡಿದುಕೊಂಡು ನಮ್ಮ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಾನೆ. ಒಬ್ಬ ಆಟೋ ಚಾಲಕನ ಮಗ ಹಾಗೆ ಏಳನೆಯ ತರಗತಿಗೆ ಬಂದ. ಬಾಕಿ ತುಂಬುವವರೆಗೆ ಟಿ.ಸಿ. ಕೊಡುವುದಿಲ್ಲವೆಂದು ಆ ಶಾಲೆಯವರು ಹೇಳಿದ್ದರು. ಟಿ.ಸಿ. ತಡವಾದರೂ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ನಾನು ಅದೇ ದಿನ ಅವನನ್ನು ಕೂರಿಸಿಕೊಂಡೆ. ಆದರೆ ರಾಜ್ಯದ ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟು ದಾಖಲೆ ಇಡುವ ಎಸ್‌ಎಟಿಎಸ್ ಎಂಬ ತಂತ್ರಾಂಶದಲ್ಲಿ ಹಳೆಯ ಶಾಲೆ ಬಿಟ್ಟುಕೊಡುವವರೆಗೆ ಮಗುವಿನ ಸಂಖ್ಯೆ ನಮ್ಮ ಶಾಲೆಗೆ ಬರುವುದಿಲ್ಲ. ಹೀಗಾಗಿ ಆ ಹುಡುಗ ಜೂನ್‌ನಿಂದ ದೀಪಾವಳಿಯವರೆಗೆ ನಮ್ಮ ಬೆಂಚಿನ ಮೇಲೆ ಕುಳಿತು ಓದಿದ, ನಮ್ಮ ಊಟ ಉಂಡ, ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮಾಡಿದ, ಆದರೆ ಲೆಕ್ಕದಲ್ಲಿ ತಾನು ಬಿಟ್ಟು ಬಂದ ಶಾಲೆಯಲ್ಲಿಯೇ ಓದುತ್ತಿದ್ದ. ಕೊನೆಗೆ ಅವರಪ್ಪ ಸ್ವಸಹಾಯ ಸಂಘದಿಂದ ಸಾಲ ತೆಗೆಸಿ ಅರ್ಧ ಬಾಕಿ ತುಂಬಿದ ಮೇಲೆ ಟಿ.ಸಿ. ಸಿಕ್ಕಿತು.

ಇದರ ತದ್ವಿರುದ್ಧದ ಸುಳ್ಳೂ ಒಂದು ಕಾಲಕ್ಕೆ ಇತ್ತು. ಗಣಕೀಕರಣಕ್ಕೆ ಮೊದಲು ಒಂದೇ ಮಗುವಿನ ಹೆಸರು ನಮ್ಮಲ್ಲಿಯೂ, ಅನುಮತಿಯಿಲ್ಲದ ಯಾವುದೋ ಶಾಲೆಯಲ್ಲಿಯೂ ಇರುತ್ತಿತ್ತು, ಹುದ್ದೆ ಉಳಿಸಿಕೊಳ್ಳಲು ನಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು. ಹೆಸರಿಗೊಂದು ಸಂಖ್ಯೆ ಬಂದ ಮೇಲೆ ಅಂತಹ ಹೆಸರುಗಳು ಉದುರಿದವು. 2022-23ರಿಂದ ಇಡೀ ದೇಶದ ಶಾಲೆಗಳ ಅಂಕಿಅಂಶ ಕೂಡಿಸುವ ಯುಡೈಸ್ ಲೆಕ್ಕವನ್ನೂ ಒಬ್ಬೊಬ್ಬ ಮಗುವಿನ ಹೆಸರಿನ ಮೇಲೆಯೇ ಹಾಕಲಾಗುತ್ತಿದೆ. ಕುಸಿತವೆಂದು ನಾವು ಓದುವುದರಲ್ಲಿ ಮೊದಲೇ ಇಲ್ಲದಿದ್ದ ಮಕ್ಕಳೂ ಒಂದಿಷ್ಟು ಇದ್ದಾರೆ. ಹುಟ್ಟುವ ಮಕ್ಕಳೇ ಕಡಿಮೆಯಾಗುತ್ತಿರುವುದೂ ಇದೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆಯ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7.

ಕೊರೊನಾ ವರ್ಷಗಳಲ್ಲಿ ನಮ್ಮ ಶಾಲೆಗಳು ತುಂಬಿದ್ದವು. ಮಕ್ಕಳ ಶಾಲೆ ಮತ್ತು ಕಲಿಕೆಯ ಬಗ್ಗೆ ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆಯಂತೆ ದೇಶದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6, 2022ರಲ್ಲಿ ಶೇ 72.9, 2024ರಲ್ಲಿ ಮತ್ತೆ ಶೇ 66.8. ನಗರದಲ್ಲಿಯೂ ನಾನು ಕಂಡದ್ದು ಇದೇ ಏರಿಳಿತ. ಬಂದವರನ್ನು ಉಳಿಸಿಕೊಳ್ಳಲು ನಮಗೆ ಒಬ್ಬನೇ ಒಬ್ಬ ಹೆಚ್ಚಿನ ಶಿಕ್ಷಕ ಸಿಗಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಜಿಲ್ಲೆಯ ಮಾನ ಹರಾಜಾಗುತ್ತದೆ. 2025ರಲ್ಲಿ ಶೇ 42.43 ಪಡೆದು ಕಲಬುರಗಿ ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು. ಈ ಅಂಕಿಯನ್ನು ಸಮರ್ಥಿಸುವ ಬಾಯಿ ನನಗಿಲ್ಲ. ಆದರೆ ಅದನ್ನು ಓದಿದ ತಾಯಿಯೊಬ್ಬಳು ತನ್ನ ಮೂರು ವರ್ಷದ ಮಗುವನ್ನು ಇನ್ನೂ ಬೇಗನೆ ಟಂಟಂ ಹತ್ತಿಸುತ್ತಾಳೆ ಎಂಬುದಷ್ಟೇ ನನಗೆ ಗೊತ್ತು.

ಈ ಊರಿಗೆ ಮಕ್ಕಳನ್ನು ಶಾಲೆಗೆ ಕರೆತರುವ ದಾರಿ ಗೊತ್ತಿಲ್ಲವೆಂದೇನೂ ಅಲ್ಲ. ಶರಣಬಸವೇಶ್ವರರ ದಾಸೋಹದ ನೆಲವಿದು. ಅಕ್ಷರ ದಾಸೋಹವೆಂಬ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಮೊಟ್ಟೆ ಮೊದಲು ಬಂದದ್ದೂ, 2021ರ ಡಿಸೆಂಬರಿನಲ್ಲಿ, ಈ ಭಾಗಕ್ಕೇ. ಊಟ ಬಂದಾಗ ಹಾಜರಿ ಏರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಊಟ ಕೊಡುವುದು ಸೇರಿದ ಮಗುವಿಗೆ. ಸೇರುವ ವಯಸ್ಸನ್ನು ಅದು ಹಿಂದಕ್ಕೆ ತರಲಾರದು. ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ 2025-26ರಿಂದ ಬಂದಾಗ ಪಾಲಕರ ಒತ್ತಾಯಕ್ಕೆ ಆ ಒಂದು ವರ್ಷಕ್ಕೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ನಾಲ್ಕು ವರ್ಷದ ಮಗುವಿಗೆ ಸರ್ಕಾರಿ ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಈ ನಿಯಮದ ಲಾಭ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ಜಾಗ ಈಗ ಅಲ್ಲಲ್ಲಿ ತೆರೆದಿದೆ. 2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಈ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಲು ತೀರ್ಮಾನವಾಯಿತು. ತಮ್ಮ ಮಕ್ಕಳನ್ನೇ ಎಳೆದುಕೊಳ್ಳುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು, ಅವರ ಭಯಕ್ಕೆ ಕಾರಣವಿತ್ತು. ಆದರೂ ನನ್ನನ್ನು ಕೇಳಿದರೆ, ಈ ನಗರದಲ್ಲಿ ದಾಖಲಾತಿಯ ಪ್ರಶ್ನೆ ತೀರ್ಮಾನವಾಗುವುದು ಈ ಒಂದು ಬಾಗಿಲಿನಲ್ಲಿಯೇ.

ಹಳೆಯ ಸಹೋದ್ಯೋಗಿಯೊಬ್ಬರು ಮುಖ್ಯ ಗುರುವಾಗಿರುವ ಶಾಲೆಗೆ ಕಳೆದ ಜೂನ್‌ನಲ್ಲಿ ಹೋಗಿದ್ದೆ. ಬೀಗ ಹಾಕಿದ್ದ ಕೋಣೆಯೊಂದಕ್ಕೆ ಸುಣ್ಣ ಹೊಡೆದು ಎಲ್‌ಕೆಜಿ ಕೂರಿಸಿದ್ದರು. ಹೊಸ ರಿಜಿಸ್ಟರು, ಹೊಸದಾಗಿ ಬಂದ ಅತಿಥಿ ಶಿಕ್ಷಕಿ. ಬಾಗಿಲಲ್ಲಿ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಟೈ ಕಟ್ಟಿದ, ಬೂಟು ಹಾಕಿದ ಅಣ್ಣ. ಅವನು ಯಾವ ಶಾಲೆ ಎಂದು ಕೇಳಿದೆ. ಖಾಸಗಿ ಶಾಲೆಯೊಂದರ ಹೆಸರು ಹೇಳಿ, ಕೇಳದಿದ್ದರೂ ಮುಂದುವರಿಸಿದಳು: “ಇಬ್ಬರದೂ ಫೀಸ್ ತುಂಬ್ಲಿಕ್ಕೆ ಆಗಂಗಿಲ್ರಿ. ಇಕಿನ್ನ ಇಲ್ಲೇ ಹಚ್ಚತೀನಿ.” ಶಿಕ್ಷಕಿ ಹೆಸರು ಬರೆದು, ಜನ್ಮ ದಿನಾಂಕವನ್ನು ಅಂಕಿಯಲ್ಲಿ ತುಂಬಿ, ಅಕ್ಷರದಲ್ಲಿಯೂ ತುಂಬಿ, ಮುಂದಿನ ಕಾಲಂಗೆ ಬಂದು ಪೆನ್ನು ಎತ್ತಿ ನನ್ನನ್ನು ನೋಡಿದರು. “ಅಡ್ಡಗೆರೆ ಹಾಕ್ರಿ” ಎಂದೆ. ಹಾಕಿದರು. ಅದು ಆ ದಿನದ ಹನ್ನೊಂದನೆಯ ಹೆಸರು. ನಾಳೆ ಆಧಾರ್ ಕಾರ್ಡಿನ ಝೆರಾಕ್ಸ್ ಮತ್ತು ಎರಡು ಫೋಟೊ ತರಲು ಹೇಳಿ ತಾಯಿಯನ್ನು ಕಳಿಸಿದರು.